ಟೈಲ್ ಲೈಟಿನೊಳಗಿನ ತೇವ: ದೋಷ ಯಾವುದು, ನಷ್ಟ ಯಾರದು?

ಮಳೆ ಕಡಿಮೆಯಿರುವ ಜಗಳೂರಿನಂತಹ ತಾಲ್ಲೂಕಿನಲ್ಲಿಯೂ ಕಾರಿನ ಬಿಡಿಭಾಗಗಳ ವರ್ತಕರಿಗೆ ಈ ದೂರು ಬರಬಹುದು: ಹೊಸ ಟೈಲ್ ಲೈಟಿನೊಳಗೆ ತೇವ ಕಟ್ಟಿದೆ, ಬದಲಿಸಿ ಕೊಡಿ. ಒಪ್ಪುವ ಮುನ್ನ ದೋಷವಿದೆಯೇ ಎಂಬುದನ್ನು ಪರೀಕ್ಷಿಸಬೇಕು.

ದೀಪದ ಕವಚದಲ್ಲಿ ಸಾಮಾನ್ಯವಾಗಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ರಾತ್ರಿ ತಂಪಾದಾಗ ಅಥವಾ ಬಿಸಿ ದೀಪದ ಮೇಲೆ ತಣ್ಣೀರು ಬಿದ್ದಾಗ ಒಳಗಿನ ತೇವಾಂಶವು ತೆಳುಮಂಜಾಗಿ ಕಾಣುತ್ತದೆ. ದೀಪ ಉರಿಸಿದ ಮೇಲೆ ಅದು ಆರಿದರೆ ದೋಷವಲ್ಲ. ಹನಿ ಇಳಿದರೆ ಅಥವಾ ನೀರು ನಿಂತರೆ ಮುಚ್ಚಳದ ಅಂಟು ಇಲ್ಲವೇ ಬಲ್ಬ್ ಹೋಲ್ಡರಿನ ರಬ್ಬರ್ ಕೆಟ್ಟಿರಬಹುದು, ಜೋಡಣೆಯೂ ತಪ್ಪಿರಬಹುದು. ಗಾಳಿರಂಧ್ರಕ್ಕೆ ಸಿಲಿಕೋನ್ ತುಂಬಬಾರದು; ತೇವ ಒಳಗೇ ಉಳಿಯುತ್ತದೆ.

ದೋಷ ಖಚಿತವಾದರೆ ಬಿಲ್ ಸಂಖ್ಯೆ, ಜೋಡಿಸಿದ ದಿನಾಂಕ ಹಾಗೂ ಛಾಯಾಚಿತ್ರಗಳೊಡನೆ ಪೂರೈಕೆದಾರರಿಗೆ ಲಿಖಿತವಾಗಿ ತಿಳಿಸಿರಿ. ತಯಾರಕರ ವಾರಂಟಿಯಂತೆ ನೀವು ಉಚಿತವಾಗಿ ಬದಲಿಸಿದ ದೀಪಕ್ಕಾಗಲಿ, ಅದಕ್ಕೆ ಪ್ರತಿಯಾಗಿ ತಯಾರಕರು ನಿಮಗೆ ಉಚಿತವಾಗಿ ತುಂಬಿಕೊಡುವ ದೀಪಕ್ಕಾಗಲಿ ಜಿ.ಎಸ್.ಟಿ. ಇಲ್ಲವೆಂದು 2023ರ ಜುಲೈ 17ರ 195ನೇ ಸುತ್ತೋಲೆಯೂ 2024ರ ಜೂನ್ 26ರ 216ನೇ ಸುತ್ತೋಲೆಯೂ ಸ್ಪಷ್ಟಪಡಿಸಿವೆ. ಸರಕು ಹಿಂಪಡೆದು ಹಣ ಮರಳಿಸಿದರೆ 34ನೇ ಕಲಮಿನಂತೆ ಕ್ರೆಡಿಟ್ ನೋಟ್ ನೀಡಬಹುದು. ಮಾರಾಟದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಕೆ, ಇವೆರಡರಲ್ಲಿ ಮೊದಲು ಬರುವುದರೊಳಗೆ ಅದನ್ನು ರಿಟರ್ನಿನಲ್ಲಿ ತೋರಿಸತಕ್ಕದ್ದು.

ದಾಖಲೆಯಿಲ್ಲದೆ ದೀಪವನ್ನು ಗುಜರಿಗೆ ಹಾಕಿ ದಾಸ್ತಾನಿನಿಂದ ವಜಾ ಮಾಡಿದರೆ, 17(5)(ಎಚ್) ಕಲಮಿನಂತೆ ಅದರ ಮೇಲೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ. ದೀಪದ ಬೆಲೆಯೊಡನೆ ತೆರಿಗೆಯೂ ಕೈಬಿಡುತ್ತದೆ. ಆದುದರಿಂದ ವಾಪಸಾತಿ ಸರಕಿಗೆ ಪ್ರತ್ಯೇಕ ವಹಿ ಇಡುವುದು ಶ್ರೇಯಸ್ಕರ.