ಸಣ್ಣ ಅಣುವಿನ ದೊಡ್ಡ ಕಾರ್ಯ

ಕುರುಗೋಡಿನಲ್ಲಿ ಸಿಂದ ಅರಸರ ಕಾಲದ ಶಿಲಾಶಾಸನಗಳುಂಟು. ಅವನ್ನು ಓದಬಯಸುವ ಪಂಡಿತರು ಕಲ್ಲನ್ನು ಕಿತ್ತೊಯ್ಯುವುದಿಲ್ಲ. ಒದ್ದೆಯ ಕಾಗದವನ್ನು ಅದರ ಮೇಲೊತ್ತಿ, ಮಸಿ ಹಚ್ಚಿ, ಪ್ರತಿಯನ್ನು ತೆಗೆದುಕೊಳ್ಳುವರು. ನಮ್ಮ ಶರೀರದ ಜೀವಕೋಶಗಳಲ್ಲಿಯೂ ಇಂಥದೇ ವ್ಯವಹಾರ ನಡೆಯುತ್ತಿರುವುದು. ಡಿ.ಎನ್.ಎ. ಎಂಬುದು ಶಿಲಾಶಾಸನ, ಆರ್.ಎನ್.ಎ. ಎಂಬುದು ಅದರ ಪ್ರತಿ.

ಈ ಪ್ರತಿಗಳನ್ನೋದಿ ಪ್ರೋಟೀನುಗಳನ್ನು ಕಟ್ಟುವ ಯಂತ್ರಕ್ಕೆ ರೈಬೋಸೋಮ್ ಎಂದು ಹೆಸರು. ಆ ಯಂತ್ರದ ಮುಖ್ಯಾಂಗಗಳೂ ಆರ್.ಎನ್.ಎ.ಯಿಂದಲೇ ಆದವು. ಆದರೆ ಪ್ರತಿ ತೆಗೆದೊಡನೆ ಅವು ಕಾರ್ಯಕ್ಕೆ ಒದಗಲಾರವು. ವೇದಪಾಠದ ಪುಸ್ತಕದಲ್ಲಿ ಅಕ್ಷರದ ಮೇಲೂ ಕೆಳಗೂ ಸ್ವರದ ಗೆರೆಗಳನ್ನೆಳೆದಿರುವುದನ್ನು ವಾಚಕರು ಕಂಡಿರಬಹುದು. ಅದರಂತೆಯೇ ಮನುಷ್ಯನ ರೈಬೋಸೋಮಿನಲ್ಲಿ ಸುಮಾರು 200 ಅಕ್ಷರಗಳಿಗೆ ರಾಸಾಯನಿಕ ಗುರುತುಗಳು ಬೀಳಬೇಕು. ಕೆಲವಕ್ಕೆ ಮೀಥೈಲ್ ಎಂಬ ಸಣ್ಣ ಗುಂಪು ಸೇರುವುದು. ಕೆಲವೆಡೆ ಯೂರಿಡಿನ್ ಎಂಬ ಅಕ್ಷರವು ತಿರುಗಿ ಕುಳಿತು ಸ್ಯೂಡೋಯೂರಿಡಿನ್ ಆಗುವುದು.

ಗುರುತು ಹಾಕುವ ಕಿಣ್ವಕ್ಕೆ ಸ್ಥಾನವನ್ನು ತೋರುವವರಾರು? ಸ್ನೋ ಆರ್.ಎನ್.ಎ. ಎಂಬ ಕಿರಿಯ ಅಣುಗಳು. ಇವುಗಳಿಂದ ಯಾವ ಪ್ರೋಟೀನೂ ಹುಟ್ಟದು. ಆದರೆ ಗುರುತು ಬೀಳಬೇಕಾದ ಸ್ಥಳಕ್ಕೆ ಜೋಡಿಯಾಗತಕ್ಕ ಅಕ್ಷರಗಳು ಇವುಗಳಲ್ಲಿರುವುದರಿಂದ, ಅಲ್ಲಿಗೇ ಹೋಗಿ ಅಂಟಿಕೊಂಡು ಕಿಣ್ವಕ್ಕೆ ದಾರಿ ತೋರುವುವು. ಮೀಥೈಲ್ ಸೇರಿಸುವ ವಿಧದಲ್ಲಿ, ಅಣುವಿನೊಳಗಿನ ಒಂದು ನಿಯತ ಚಿಹ್ನೆಯಿಂದ ಎಣಿಸಿದರೆ ಐದನೆಯ ಅಕ್ಷರದ ಜೋಡಿಗೇ ಗುರುತು ಬೀಳುವುದು! ಇದನ್ನು 1996ರಲ್ಲಿ ಫ್ರಾನ್ಸಿನ ತುಲೂಸ್ ನಗರದ ವಿಜ್ಞಾನಿಗಳು ಪ್ರಕಟಿಸಿದರು. ಎರಡನೆಯ ವಿಧದ ಗುಟ್ಟು 1997ರಲ್ಲಿ ತಿಳಿಯಿತು.

ತುಂಗಭದ್ರೆಯ ನೀರುಂಡು ಸಿರುಗುಪ್ಪದ ಗದ್ದೆಗಳಲ್ಲಿ ಬೆಳೆವ ಭತ್ತದಲ್ಲಿಯೂ, ಆ ಅನ್ನವನ್ನುಣ್ಣುವ ಬಳ್ಳಾರಿಯ ಮಗುವಿನಲ್ಲಿಯೂ ಈ ಕುಲದ ಅಣುಗಳು ದುಡಿಯುತ್ತಿವೆ.

ಇವು ಲೋಪವಾದರೆ ಏನಾದೀತು? 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ವರ್ಣಿಸಿದ ಪ್ರಾಡರ್-ವಿಲ್ಲಿ ಎಂಬ ವ್ಯಾಧಿಯನ್ನು ನೋಡಿರಿ. ಶಿಶುವು ಹುಟ್ಟಿದಾಗ ಬಲಹೀನವಾಗಿರುವುದು, ಮೊಲೆಯುಣ್ಣಲೂ ಆಗದು. ಕೆಲವು ವರ್ಷಗಳ ತರುವಾಯ ತೀರದ ಹಸಿವು ಆರಂಭವಾಗುವುದು. ಎಷ್ಟುಂಡರೂ ತೃಪ್ತಿಯಿಲ್ಲ, ಮಗುವು ಬಚ್ಚಿಟ್ಟ ತಿಂಡಿಯನ್ನೂ ಹುಡುಕಿ ತಿನ್ನುವುದು. ತಂದೆಯಿಂದ ಬಂದ 15ನೆಯ ವರ್ಣತಂತುವಿನ ಒಂದು ಭಾಗವು ಇಲ್ಲದಿರುವುದು, ಇಲ್ಲವೇ ಮೌನವಾಗಿರುವುದು ಇದಕ್ಕೆ ಕಾರಣ. ಆ ಭಾಗದೊಳಗೆ ಸ್ನೋ ಆರ್.ಎನ್.ಎ.ಗಳ ಒಂದು ಸಮೂಹವುಂಟು. ಅದನ್ನೊಳಗೊಂಡ ಸಣ್ಣ ತುಣುಕೊಂದು ಮಾತ್ರ ಲುಪ್ತವಾದ ಮಕ್ಕಳಲ್ಲಿಯೂ ವ್ಯಾಧಿಯ ಮುಖ್ಯ ಲಕ್ಷಣಗಳು ಕಂಡುಬಂದಿವೆ.

ಇಂಥ ಮಗುವನ್ನು ಹೊಟ್ಟೆಬಾಕನೆಂದು ಬಯ್ಯುವುದೂ, ಶಿಸ್ತು ಕಲಿಸಲಿಲ್ಲವೆಂದು ತಾಯಿಯನ್ನು ಹಳಿಯುವುದೂ ನ್ಯಾಯವೆ? ದೋಷವು ನಡತೆಯದಲ್ಲ, ಲಿಪಿಯದು. ರಕ್ತಪರೀಕ್ಷೆಯಿಂದ ವ್ಯಾಧಿಯನ್ನು ನಿಶ್ಚಯಿಸಬಹುದು. ಮೂಲಕ್ಕೆ ಮದ್ದಿಲ್ಲದಿದ್ದರೂ, ಎಳವೆಯಲ್ಲೇ ತಿಳಿದರೆ ಬೆಳವಣಿಗೆಯ ಹಾರ್ಮೋನಿನ ಚಿಕಿತ್ಸೆಯಿಂದಲೂ, ವೇಳೆಗೆ ಸರಿಯಾದ ಮಿತಾಹಾರದಿಂದಲೂ, ಉಗ್ರಾಣಕ್ಕೆ ಬೀಗ ಹಾಕುವುದರಿಂದಲೂ ಬಹಳ ಉಪಕಾರವಾಗುವುದು. ಬಯ್ಗುಳದಿಂದ ಎಳ್ಳಷ್ಟೂ ಆಗದು.