ಗುಂಡಿನ ತೂಕವೋ, ಉದ್ದವೋ?

ಐಟಿಐಯಲ್ಲಿ ಫಿಟ್ಟರ್ ಓದಿದವರಿಗೆ ವಿಟ್‌ವರ್ತ್ ಎಂದರೆ 55 ಡಿಗ್ರಿ ಕೋನದ ಥ್ರೆಡ್. ನಟ್ಟು ಬೋಲ್ಟುಗಳಿಗೆ 1841ರಲ್ಲಿ ಆ ಅಳತೆ ಗೊತ್ತುಮಾಡಿದ ಜೋಸೆಫ್ ವಿಟ್‌ವರ್ತ್ ಹುಟ್ಟಿದ್ದು 1803ರಲ್ಲಿ, ಮ್ಯಾಂಚೆಸ್ಟರಿಗೆ ಅಂಟಿಕೊಂಡಂತಿರುವ ಸ್ಟಾಕ್‌ಪೋರ್ಟಿನಲ್ಲಿ. ಹತ್ತಿ ಗಿರಣಿಗಳಿಗೂ ಟೋಪಿಗಳಿಗೂ ಹೆಸರಾದ ಊರು ಅದು. ಇದೇ ವಿಟ್‌ವರ್ತ್ ಕೋವಿಯ ವಿಷಯಕ್ಕೂ ಕೈಹಾಕಿದ್ದ. ಬಾಯಿಂದ ಮದ್ದು ತುಂಬುವ ಕೋವಿಗೆ ಎಷ್ಟು ತೂಕದ ಗುಂಡು ಸರಿ ಎಂದು ಇಂದು ಕೇಳುವವರಿಗೂ ಅವನ ಪ್ರಯೋಗಗಳೇ ಒಳ್ಳೆಯ ಪಾಠ.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿ ಕಂಡವರಿಗೆ ಅದರ ಕ್ರಮ ಗೊತ್ತು. ಅಳತೆಯ ಮದ್ದು ಸುರಿದು, ಮೇಲೆ ನಾರೋ ಬಟ್ಟೆಯೋ ಇಟ್ಟು ಸರಳಿನಿಂದ ಜಡಿದು, ಗುಂಡನ್ನೋ ಚರೆಯನ್ನೋ ಹಾಕಿ ಮತ್ತೆ ಜಡಿದು, ಹಿಂಬದಿಯ ತೊಟ್ಟಿಗೆ ಕೇಪು ಕೂರಿಸಿದರೆ ಈಡು ಸಿದ್ಧ. ಈ ಕೋವಿಯ ನಳಿಗೆಯ ಒಳಮೈ ನುಣುಪು. ಗುಂಡು ಗೋಲಿಯಂತೆ ಉರುಟು. ಇಲ್ಲಿ ತೂಕ ಆರಿಸುವ ಮಾತೇ ಇಲ್ಲ. ನಳಿಗೆಯ ಅಗಲ ಗೊತ್ತಾದರೆ ತೂಕವೂ ಗೊತ್ತಾದಂತೆ. ಹನ್ನೆರಡು ಬೋರ್ ಎಂದರೆ ಆ ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ಬರುತ್ತವೆ ಎಂದಷ್ಟೇ.

ಉರುಟು ಗುಂಡಿನ ತೂಕ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 0.49 ಅಂಗುಲದ ಸೀಸದ ಗುಂಡು ಸುಮಾರು 177 ಗ್ರೇನ್, ಎಂದರೆ ಹನ್ನೊಂದೂವರೆ ಗ್ರಾಮ್. ಹೆಚ್ಚು ತೂಕ ಬೇಕಾದರೆ ನಳಿಗೆಯನ್ನೇ ಅಗಲ ಮಾಡಬೇಕು, ಕೋವಿಯನ್ನೇ ಭಾರ ಮಾಡಬೇಕು. ಸಿಲೋನಿನಲ್ಲಿ ಆನೆ ಬೇಟೆಯಾಡಿದ ಸ್ಯಾಮ್ಯುಯೆಲ್ ಬೇಕರ್ ಹಿಡಿಯುತ್ತಿದ್ದ ರೈಫಲ್ ಮೂರು ಔನ್ಸಿನ ಗುಂಡು ಹಾರಿಸುತ್ತಿತ್ತು. ಅದರ ತೂಕ 21 ಪೌಂಡ್, ಒಂಬತ್ತೂವರೆ ಕಿಲೋ. ಅದನ್ನು ಹೊತ್ತು ಕಾಡು ಅಲೆಯಲು ಬೇಕರನ ಭುಜವೇ ಬೇಕು.

ಗುಂಡನ್ನು ಉದ್ದ ಮಾಡಿದಾಗ ಲೆಕ್ಕ ಬದಲಾಯಿತು. ಬ್ರಿಟಿಷ್ ಸೇನೆಯ 1853ರ ಎನ್‌ಫೀಲ್ಡ್ ರೈಫಲ್ ನಮಗೆ ಗೊತ್ತಿರುವುದು 1857ರ ಸಿಪಾಯಿ ದಂಗೆಯ ಕೊಬ್ಬು ಸವರಿದ ತೋಟೆಯಿಂದ. ಆ ರೈಫಲಿನ ನಳಿಗೆ 0.577 ಅಂಗುಲ, ಗುಂಡು 530 ಗ್ರೇನ್. ಒಳಗಿನ ಸುರುಳಿ ತೋಡುಗಳು 78 ಅಂಗುಲಕ್ಕೆ ಒಂದು ಸುತ್ತು ಬರುತ್ತಿದ್ದವು. ಇದಕ್ಕಿಂತ ಒಳ್ಳೆಯದು ಸಾಧ್ಯವೇ ನೋಡೆಂದು ಕ್ರಿಮಿಯಾ ಯುದ್ಧದ ದಿನಗಳಲ್ಲಿ ಸರಕಾರ ವಿಟ್‌ವರ್ತ್‌ನನ್ನು ಕೇಳಿತು.

ಯಂತ್ರ ತಯಾರಕನಾದ ಅವನು ನೇರವಾಗಿ ಕೋವಿ ಮಾಡಲು ಕೂರಲಿಲ್ಲ. ಮ್ಯಾಂಚೆಸ್ಟರಿನ ತನ್ನ ಮನೆಯ ಆವರಣದಲ್ಲಿ 500 ಯಾರ್ಡ್ ಉದ್ದದ, ಚಾವಣಿ ಹೊದಿಸಿದ ಓಣಿಯೊಂದನ್ನು ಕಟ್ಟಿಸಿದ. ಗಾಳಿಯ ಕಾಟ ತಪ್ಪಿಸುವುದು ಉದ್ದೇಶ. ಓಣಿಯುದ್ದಕ್ಕೂ ತೆಳು ಟಿಶ್ಯೂ ಕಾಗದದ ಪರದೆಗಳನ್ನು ಇಳಿಬಿಟ್ಟ. ಗುಂಡು ಒಂದೊಂದನ್ನೂ ತೂತು ಮಾಡುತ್ತ ಹೋಗುತ್ತಿತ್ತು. ತೂತುಗಳ ಎತ್ತರ ಅಳೆದರೆ ಗುಂಡು ಎಲ್ಲೆಲ್ಲಿ ಎಷ್ಟು ಇಳಿಯಿತು ಎಂಬುದು ತಿಳಿಯುತ್ತಿತ್ತು. ತೂತು ದುಂಡಗಿದ್ದರೆ ಗುಂಡು ಮೂಗು ಮುಂದೆ ಮಾಡಿ ಹೋಗಿದೆ. ಉದ್ದುದ್ದ ಹರಿದಿದ್ದರೆ ಅಡ್ಡಬಿದ್ದಿದೆ. ನನ್ನ ಕಣ್ಣಿಗೆ ಈ ಕಾಗದದ ಪರದೆಗಳೇ ಆ ಇಡೀ ಸಾಹಸದ ಅತ್ಯಂತ ಸುಂದರ ಭಾಗ.

ಕೊನೆಗೆ ಅವನು ತಂದು ನಿಲ್ಲಿಸಿದ್ದು ಆರು ಮೂಲೆಯ, 0.451 ಅಂಗುಲದ ನಳಿಗೆ, 20 ಅಂಗುಲಕ್ಕೆ ಒಂದು ಸುತ್ತು. ಗುಂಡಿನ ತೂಕ ಮಾತ್ರ ಅದೇ 530 ಗ್ರೇನ್! 1857ರಲ್ಲಿ ಇಂಗ್ಲೆಂಡಿನ ಹೈತ್‌ನಲ್ಲಿ ಎರಡನ್ನೂ ಪರೀಕ್ಷಿಸಿದರು. 500 ಯಾರ್ಡಿನಲ್ಲಿ ಎನ್‌ಫೀಲ್ಡ್ ಗುಂಡುಗಳು ಸರಾಸರಿ ಎರಡೂಕಾಲು ಅಡಿ ಚದುರಿದರೆ ವಿಟ್‌ವರ್ತ್ ಗುಂಡುಗಳು ಚದುರಿದ್ದು ನಾಲ್ಕೂವರೆ ಅಂಗುಲ. 1100 ಯಾರ್ಡಿನಲ್ಲಿ ಎಂಟು ಅಡಿಗೆ ಎರಡೂವರೆ ಅಡಿ. 1860ರಲ್ಲಿ ವಿಂಬಲ್ಡನ್ನಿನಲ್ಲಿ ವಿಕ್ಟೋರಿಯಾ ರಾಣಿ ಸ್ಟ್ಯಾಂಡಿಗೆ ಬಿಗಿದಿಟ್ಟ ಇದೇ ರೈಫಲಿನಿಂದ ದಾರ ಎಳೆದು ಹೊಡೆದಾಗ, 400 ಯಾರ್ಡ್ ದೂರದ ಗುರಿಯ ನಡುವಿನಿಂದ ಗುಂಡು ಒಂದೂಕಾಲು ಅಂಗುಲ ಮಾತ್ರ ಆಚೆ ಬಿತ್ತು. ಆದರೂ ಸೇನೆ ಅದನ್ನು ಒಪ್ಪಲಿಲ್ಲ: ಬೆಲೆ ದುಬಾರಿ, ಸಣ್ಣ ನಳಿಗೆಯಲ್ಲಿ ಮದ್ದಿನ ಮಸಿ ಬೇಗ ಕಟ್ಟುತ್ತದೆ.

ತೂಕ ಒಂದೇ ಆದರೂ ಇಷ್ಟು ವ್ಯತ್ಯಾಸ ಏಕೆ? ಅಷ್ಟೇ ಸೀಸವನ್ನು ಸಣ್ಣ ವ್ಯಾಸಕ್ಕೆ ಇಳಿಸಿದಾಗ ಗುಂಡು ಒಂದೂವರೆ ಪಟ್ಟಿಗೂ ಹೆಚ್ಚು ಉದ್ದವಾಗುತ್ತದೆ. ಗಾಳಿಗೆ ಎದುರಾಗುವ ಮುಖ ಕಿರಿದು, ಹಿಂದಿನಿಂದ ತಳ್ಳುವ ರಾಶಿ ಅಷ್ಟೇ. ಹಾಗಾಗಿ ವೇಗ ನಿಧಾನವಾಗಿ ಕುಗ್ಗುತ್ತದೆ. ಆದರೆ ಉದ್ದ ಗುಂಡಿನ ಮೂಗನ್ನು ಗಾಳಿ ಮಗುಚಲು ನೋಡುತ್ತದೆ. ಬುಗುರಿ ಬಿರುಸಾಗಿ ತಿರುಗುವಷ್ಟು ಹೊತ್ತು ಬೀಳದಂತೆ, ತಕ್ಕಷ್ಟು ತಿರುಗುವ ಗುಂಡು ಮಗುಚುವುದಿಲ್ಲ. ಉದ್ದ ಹೆಚ್ಚಿದಷ್ಟೂ ಸುತ್ತು ಬಿಗಿಯಾಗಬೇಕು. 1879ರಲ್ಲಿ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ ಇದಕ್ಕೊಂದು ಸೂತ್ರ ಕೊಟ್ಟ: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ, ಒಂದು ಸುತ್ತಿಗೆ ಎಷ್ಟು ಅಂಗುಲ ಎಂದು ಸಿಗುತ್ತದೆ. 0.451 ಅಂಗುಲ ವ್ಯಾಸ, 1.35 ಅಂಗುಲ ಉದ್ದದ ಗುಂಡಿಗೆ ಉತ್ತರ 23ರ ಆಸುಪಾಸು. ವಿಟ್‌ವರ್ತ್ ಸೂತ್ರವಿಲ್ಲದೆಯೇ 20ಕ್ಕೆ ಬಂದು ನಿಂತಿದ್ದ.

ಹಾಗಾದರೆ ಬೇಟೆಗಾರ ಕೇಳಬೇಕಾದ ಮೊದಲ ಪ್ರಶ್ನೆ ತೂಕದ್ದಲ್ಲ. ತನ್ನ ನಳಿಗೆಯ ಸುತ್ತು ಎಷ್ಟೆಂಬುದು. 60–70 ಅಂಗುಲಕ್ಕೊಂದು ಸುತ್ತಿದ್ದರೆ ಬಟ್ಟೆ ಸುತ್ತಿದ ಉರುಟು ಗುಂಡು. 28 ಅಥವಾ ಅದಕ್ಕೂ ಬಿಗಿಯಾಗಿದ್ದರೆ ಉದ್ದ, ಭಾರದ ಗುಂಡು. ಅಂಥ ನಳಿಗೆಗೆ ಉರುಟು ಗುಂಡು ಹಾಕಿ ಮದ್ದು ಹೆಚ್ಚು ಮಾಡಿದರೆ ಅದು ತೋಡುಗಳನ್ನು ಹಿಡಿಯದೆ ಜಾರಿ ಹೋಗುತ್ತದೆ. ಹಲವು ಕಂಪನಿಗಳ 48 ಅಂಗುಲದ ಸುತ್ತು ಎರಡಕ್ಕೂ ಅರೆಮನಸ್ಸಿನ ರಾಜಿ.

ಆಮೇಲೆ ದೂರದ ಲೆಕ್ಕ. 177 ಗ್ರೇನಿನ ಉರುಟು ಗುಂಡು ಸೆಕೆಂಡಿಗೆ 1900 ಅಡಿ ವೇಗದಲ್ಲಿ ಹೊರಟರೂ ನೂರು ಯಾರ್ಡ್ ದಾಟುವಷ್ಟರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ವೇಗ ಕಳೆದುಕೊಂಡಿರುತ್ತದೆ. 530 ಗ್ರೇನಿನದು 1300 ಅಡಿಯಲ್ಲಿ ಹೊರಟು ಅದರಲ್ಲಿ ಬಹುಪಾಲು ಉಳಿಸಿಕೊಳ್ಳುತ್ತದೆ. ಎರಡನ್ನೂ ನೂರು ಯಾರ್ಡಿಗೆ ಗುರಿ ಕಟ್ಟಿದರೆ, ಸ್ಥೂಲ ಲೆಕ್ಕದಲ್ಲಿ 150 ಯಾರ್ಡಿನಲ್ಲಿ ಎರಡೂ ಹೆಚ್ಚುಕಡಿಮೆ ಹತ್ತು ಅಂಗುಲ ಕೆಳಗೆ ಬೀಳುತ್ತವೆ. ಹಗುರ ಗುಂಡಿನ ಲಾಭ ಹತ್ತಿರದ ಹೊಡೆತಕ್ಕಷ್ಟೇ. ಭಾರದ ಗುಂಡಿಗೆ ಭುಜ ತೆರುವ ಬೆಲೆ ಬೇರೆ.

ಕೊನೆಯದು ಶಕ್ತಿಯ ಲೆಕ್ಕ. ವಿಟ್‌ವರ್ತ್ ಹುಟ್ಟಿದ ಸ್ಟಾಕ್‌ಪೋರ್ಟಿನ ಅಂಚಿನ ಲೈಮ್ ಪಾರ್ಕಿನಲ್ಲಿ ಇಂದಿಗೂ ಕೆಂಪು ಜಿಂಕೆಗಳ ಹಿಂಡಿದೆ. ಇಂಗ್ಲೆಂಡಿನಲ್ಲಿ ಅಂಥ ಜಿಂಕೆಗೆ ಹೊಡೆಯುವ ರೈಫಲಿನ ಗುಂಡು ನಳಿಗೆಯ ಬಾಯಿ ಬಿಡುವಾಗ ಕನಿಷ್ಠ 1700 ಅಡಿ-ಪೌಂಡ್ ಶಕ್ತಿ ಹೊಂದಿರಬೇಕೆಂದು 1991ರ ಜಿಂಕೆ ಕಾಯ್ದೆ ಹೇಳುತ್ತದೆ. ಗುಂಡು ತಾಗಿದಾಗ ಅರಳುವಂಥದ್ದೂ ಆಗಿರಬೇಕು. ಲೆಕ್ಕ ಹಾಕಿ ನೋಡಿ: ಅಷ್ಟು ಶಕ್ತಿಗೆ 530 ಗ್ರೇನಿನ ಗುಂಡಿಗೆ ಸೆಕೆಂಡಿಗೆ 1200 ಅಡಿಗಿಂತ ಚೂರು ಹೆಚ್ಚು ವೇಗ ಸಾಕು, ಕರಿಮದ್ದು ಸಲೀಸಾಗಿ ಕೊಡುತ್ತದೆ. 177 ಗ್ರೇನಿನದಕ್ಕೆ 2080 ಅಡಿ ಬೇಕು. ಕರಿಮದ್ದಿನಿಂದ ಅದು ಕಷ್ಟ. ಇಲ್ಲಿ ಮಾತ್ರ ತೂಕವೇ ಗೆಲ್ಲುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆದಿದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವವರಿಗೆ ಈ ಲೆಕ್ಕ ಬೇಕಿಲ್ಲ. ಬೇಟೆ ಕಾನೂನುಬದ್ಧವಾಗಿರುವ ದೇಶದಲ್ಲಿ ಇಂಥ ರೈಫಲ್ ಇಟ್ಟುಕೊಂಡವರು ಗುಂಡು ಕೊಳ್ಳುವ ಮುನ್ನ ಒಂದು ಕೆಲಸ ಮಾಡಲಿ. ಕೋವಿ ಖಾಲಿಯಿದೆಯೆಂದು ಖಚಿತ ಮಾಡಿಕೊಂಡು, ತಿರುಗುವ ಹಿಡಿಯ ಸರಳಿನ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ನಳಿಗೆಯೊಳಗೆ ತಳ್ಳಲಿ. ಸರಳಿನ ಮೇಲೆ ಗೀಚಿದ ಗುರುತು ಅರ್ಧ ಸುತ್ತು ಬರಲು ಎಷ್ಟು ಅಂಗುಲ ಒಳಗೆ ಹೋಯಿತೆಂದು ಅಳೆದು ಎರಡರಿಂದ ಗುಣಿಸಲಿ. ಆ ಸಂಖ್ಯೆ ಕೈಯಲ್ಲಿಲ್ಲದೆ ಗುಂಡಿನ ತೂಕ ಆರಿಸುವುದು ದುಡ್ಡು ದಂಡ.