ಲೈಮ್‌ಲೈಟ್: ಒಂದು ಶಬ್ದವಿಚಾರ

ಇಂಗ್ಲಿಷಿನ 'ಲೈಮ್‌ಲೈಟ್' ಎಂಬ ಶಬ್ದವು ಇಂದಿನ ಕನ್ನಡ ಬರವಣಿಗೆಯಲ್ಲಿ ಇದ್ದ ರೂಪದಲ್ಲಿಯೇ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಅದನ್ನು ಕನ್ನಡಿಸಹೊರಟವರಲ್ಲಿ ಕೆಲವರು 'ಬೆಳಕಿಗೆ ಬರು' ಎಂಬ ನಮ್ಮ ನುಡಿಗಟ್ಟಿನಿಂದಲೇ ತೃಪ್ತರಾಗುತ್ತಾರೆ. ಇವೆರಡರ ಅರ್ಥವೂ ಒಂದೆಯೇ ಎಂಬುದು ವಿಚಾರಾರ್ಹವಾದ ಸಂಗತಿ.

ಮೊದಲು ಶಬ್ದದ ಪೂರ್ವಾರ್ಧವನ್ನು ನೋಡೋಣ. ಇಂಗ್ಲಿಷಿನಲ್ಲಿ 'ಲೈಮ್' ಎಂದರೆ ನಿಂಬೆಯ ಜಾತಿಯ ಹಣ್ಣೂ ಹೌದು, ಸುಣ್ಣವೂ ಹೌದು. ರೂಪ ಒಂದಾದರೂ ಇವು ಬೇರೆ ಬೇರೆ ಮೂಲದ ಶಬ್ದಗಳು. ಹಣ್ಣಿನ ಹೆಸರು ಅರಬ್ಬೀ-ಪಾರಸೀ ಮೂಲದಿಂದ ಯೂರೋಪನ್ನು ಸೇರಿದುದು. ಸುಣ್ಣದ ಹೆಸರು ಹಳೆಯ ಇಂಗ್ಲಿಷಿನದೇ. ದಿಂಡೋರಿಯ ಸುತ್ತಿನ ದ್ರಾಕ್ಷಿತೋಟಗಳಲ್ಲಿ ಬಳ್ಳಿಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದೊಡನೆ ಬೆರೆಯುವ 'ಲೈಮ್' ಈ ಸುಣ್ಣವೇ. ಲೈಮ್‌ಲೈಟಿನಲ್ಲಿರುವುದೂ ಅದೇ, ನಿಂಬೆಗೂ ಈ ಬೆಳಕಿಗೂ ಯಾವ ಸಂಬಂಧವೂ ಇಲ್ಲ.

ಆಮ್ಲಜನಕ ಮತ್ತು ಜಲಜನಕಗಳನ್ನು ಕೂಡಿಸಿ ಉರಿಸಿದ ಜ್ವಾಲೆಯನ್ನು ಸುಟ್ಟ ಸುಣ್ಣದ ತುಂಡಿನ ಮೇಲೆ ಹಾಯಿಸಿದರೆ, ಸುಣ್ಣವು ಕರಗದೆ ಕಣ್ಣು ಕೋರೈಸುವಂತೆ ಬೆಳ್ಳಗೆ ಬೆಳಗುತ್ತದೆ. 1820ರ ದಶಕದಲ್ಲಿ ಗೋಲ್ಡ್ಸ್‌ವರ್ದಿ ಗರ್ನಿ ಈ ಗುಣವನ್ನು ತೋರಿಸಿದನು. ತಾಮಸ್ ಡ್ರಮ್ಮಂಡನು ಇದನ್ನು ಐರ್ಲೆಂಡಿನ ಭೂಮಾಪನದಲ್ಲಿ ಬಳಸಿದನು. 1825ರಲ್ಲಿ ಬೆಟ್ಟದ ಮೇಲೆ ಹಚ್ಚಿದ ಅವನ ದೀಪವು 60 ಮೈಲಿಗೂ ದೂರದ ಇನ್ನೊಂದು ಬೆಟ್ಟಕ್ಕೆ ಕಾಣಿಸಿತು. 1837ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ಅದು ರಂಗಭೂಮಿಯನ್ನು ಪ್ರವೇಶಿಸಿತು. ಜ್ವಾಲೆಯ ಕಾವಿಗೆ ಸುಣ್ಣದಲ್ಲಿ ಕುಳಿ ಬೀಳುತ್ತಿದ್ದುದರಿಂದ ಪ್ರತಿಯೊಂದು ದೀಪದ ಬಳಿಯೂ ಒಬ್ಬ ಆಳು ನಿಂತು ಆ ತುಂಡನ್ನು ಆಗಾಗ ತಿರುಗಿಸುತ್ತ, ನಟನು ಚಲಿಸಿದತ್ತ ಬೆಳಕನ್ನೂ ಚಲಿಸಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ವಿದ್ಯುದ್ದೀಪವು ಈ ದೀಪದ ಸ್ಥಾನವನ್ನು ಆಕ್ರಮಿಸಿತು. ದೀಪ ಆರಿತು, ಶಬ್ದ ಉಳಿಯಿತು.

ಈ ಇತಿಹಾಸದಲ್ಲಿಯೇ ಶಬ್ದದ ಲಾಕ್ಷಣಿಕಾರ್ಥ ಅಡಗಿದೆ. ರಂಗದ ಮೇಲೆ ಹಲವರಿದ್ದರೂ ಬೆಳಕು ಆಯ್ದ ಒಬ್ಬನ ಮೇಲೆಯೇ ಬೀಳುತ್ತದೆ. ಆ ಬೆಳಕನ್ನು ಹಿಡಿದವನೋ ಕತ್ತಲೆಯಲ್ಲಿರುತ್ತಾನೆ. ಆದುದರಿಂದ ಲೈಮ್‌ಲೈಟ್ ಎಂದರೆ ಬರಿಯ ಪ್ರಸಿದ್ಧಿಯಲ್ಲ. ಜನರ ದೃಷ್ಟಿಯೆಲ್ಲ ಒಬ್ಬನಲ್ಲಿ ನೆಟ್ಟಿರುವ ಸ್ಥಿತಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ನಮ್ಮ ಗಾದೆಯ ಪಕ್ಷಪಾತ ಈ ಸುಣ್ಣದ ಬೆಳಕಿನಲ್ಲಿಯೂ ಇದೆ.

ನಾಶಿಕ, ದಿಂಡೋರಿಗಳ ಕಡೆ ನೆಲೆಸಿ ಮರಾಠಿ ಪತ್ರಿಕೆಗಳನ್ನು ಓದುವ ಕನ್ನಡಿಗರಿಗೆ 'ಪ್ರಕಾಶಝೋತ' ಎಂಬ ಮಾತು ಪರಿಚಿತವಾದುದೇ. ಪ್ರಸಿದ್ಧಿಗೆ ಬಂದವನು ಮರಾಠಿಯಲ್ಲಿ ಪ್ರಕಾಶಝೋತದಲ್ಲಿ ಬರುತ್ತಾನೆ. ರಾತ್ರಿಯ ಕ್ರಿಕೆಟ್ ಪಂದ್ಯವೂ ಪ್ರಕಾಶಝೋತದಲ್ಲಿಯೇ ನಡೆಯುತ್ತದೆ. ಕನ್ನಡವಾದರೋ ಪಂದ್ಯದ ಫ್ಲಡ್‌ಲೈಟಿಗೆ 'ಹೊನಲು ಬೆಳಕು' ಎಂಬ ಸುಂದರವಾದ ಶಬ್ದವನ್ನು ಪಡೆದಿದೆ. ಹೊನಲು ಮೈದಾನವನ್ನೆಲ್ಲ ತುಂಬುತ್ತದೆ. ಲೈಮ್‌ಲೈಟ್ ಒಂದೆಡೆ ಮಾತ್ರ ಬೀಳುತ್ತದೆ. ಒಂದರ ಹೆಸರು ಇನ್ನೊಂದಕ್ಕೆ ಒಪ್ಪುವುದಿಲ್ಲ.

'ಬೆಳಕಿಗೆ ಬರು' ಎಂಬುದರ ಅರ್ಥ ಇವೆರಡರಿಂದಲೂ ಭಿನ್ನ. ಹುದುಗಿದ್ದ ಶಾಸನ, ಅಚ್ಚಾಗದ ಹಸ್ತಪ್ರತಿ, ಮರೆಮಾಚಿದ ಲೆಕ್ಕ, ಇವು ಬೆಳಕಿಗೆ ಬರುತ್ತವೆ. ಅರಿಯದುದು ಅರಿವಿಗೆ ಬಂದಿತೆಂಬುದಷ್ಟೇ ಇಲ್ಲಿನ ತಾತ್ಪರ್ಯ.

ಈ ಭೇದಕ್ಕೆ ನಮ್ಮ ಎರಡು ನಾಡುಗಳ ರಂಗಭೂಮಿಯ ಚರಿತ್ರೆಯೇ ಉತ್ತಮ ನಿದರ್ಶನ. 1842ರಲ್ಲಿ ಉತ್ತರ ಕನ್ನಡದ ಭಾಗವತರ ತಂಡವೊಂದು ಸಾಂಗಲಿಗೆ ಬಂದು ಆಡಿ ತೋರಿಸಿತು. ಅದು ಹೊನ್ನಾವರದ ಬಳಿಯ ಕರ್ಕಿಯ ಮೇಳವೆಂದು ವಿದ್ವಾಂಸರು ಗುರುತಿಸಿದ್ದಾರೆ. ಆಟವನ್ನು ನೋಡಿದ ಸಾಂಗಲಿಯ ಅರಸ ಚಿಂತಾಮಣರಾವ್ ಪಟವರ್ಧನರು ಅಂಥದನ್ನು ಮರಾಠಿಯಲ್ಲಿ ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ಪ್ರಯೋಗವಾಯಿತು. ಆ ದಿನವನ್ನು ಇಂದಿಗೂ ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಭಾವೆಯವರಿಗೆ ಸಲ್ಲುವ ಗೌರವ ನ್ಯಾಯವಾದುದೇ. ಕರ್ಕಿಯ ಮೇಳದ ಸಂಗತಿಯೂ ಸಂಶೋಧಕರ ಶ್ರಮದಿಂದ ಬೆಳಕಿಗೆ ಬಂದಿದೆ. ಆದರೆ ಲೈಮ್‌ಲೈಟ್ ಅದರ ಮೇಲೆ ಬಿದ್ದಿಲ್ಲ. ಎರಡಕ್ಕೂ ಒಂದೇ ಮಾತನ್ನು ಬಳಸಿದರೆ ಈ ವ್ಯತ್ಯಾಸವನ್ನು ಹೇಳುವ ದಾರಿಯೇ ನಮಗಿಲ್ಲವಾಗುತ್ತದೆ.

ಆದಕಾರಣ 'ಬೆಳಕಿಗೆ ಬರು' ಎಂಬುದನ್ನು ಶೋಧನೆಗೂ ಪ್ರಕಟನೆಗೂ ಮೀಸಲಿಟ್ಟು, ಲೈಮ್‌ಲೈಟಿಗೆ 'ಜನದೃಷ್ಟಿಯ ನಡುವಿರು', 'ಎಲ್ಲರ ಕಣ್ಣು ನೆಟ್ಟಿರು' ಎಂಬಂತಹ ಮಾತುಗಳನ್ನು ಸಂದರ್ಭಾನುಸಾರ ಬಳಸುವುದು ಲೇಸು. 'ಸುಣ್ಣದ ಬೆಳಕು' ಎಂಬ ಅಕ್ಷರಶಃ ಅನುವಾದವು ವಿಜ್ಞಾನದ ಪುಸ್ತಕದಲ್ಲಿ ಸಲ್ಲೀತು, ವಾಕ್ಯದಲ್ಲಿ ಸಲ್ಲದು. ಪರನಾಡಿನಲ್ಲಿದ್ದು ಕನ್ನಡದ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಲೈಮ್‌ಲೈಟಿನ ಹೊರಗಿನವರು. ಅವರ ಕೆಲಸ ಬೆಳಕಿಗೆ ಬರುವುದು ಅಗತ್ಯ; ಅದಕ್ಕೆ ಇಂತಹ ಪತ್ರಿಕೆಗಳ ಸಾಧಾರಣ ದೀಪವೇ ಸಾಕು.